ಭೂಕಂಪವಾದರೆ ಮೊದಲು ನೆರವಿಗೆ ಬರುವವರು ಯಾರು?

ದೊಡ್ಡ ಅನಾಹುತವಾದರೆ ದಿಲ್ಲಿಯಿಂದ ಪಡೆ ಬರುತ್ತದೆ, ಅಲ್ಲಿಯವರೆಗೆ ನಾವು ಮಾಡುವುದೇನೂ ಇಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಇದು ಅರ್ಧ ಮಾತ್ರ ನಿಜ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಬಳಿ ಸುಮಾರು 6.2 ತೀವ್ರತೆಯ ಭೂಕಂಪವಾಯಿತು. ಸತ್ತವರು ಹತ್ತಿರಹತ್ತಿರ 10,000. ಕಿಲ್ಲಾರಿಗೂ ಬಸವಕಲ್ಯಾಣಕ್ಕೂ ನೇರ ದೂರ ಸುಮಾರು 45 ಕಿ.ಮೀ. ಮಾತ್ರ, ಹುಮನಾಬಾದ್ ಅದರಾಚೆಗಿದೆ. ದಖ್ಖನ್ ಗಟ್ಟಿ ನೆಲ, ಇಲ್ಲಿ ಭೂಕಂಪವಾಗದು ಎಂಬ ನಂಬಿಕೆ ಅಂದೇ ಸುಳ್ಳಾಯಿತು.

ಆಗ ದೇಶದಲ್ಲಿ ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕ ಕಾನೂನು ಇರಲಿಲ್ಲ. ಅದು ಬಂದದ್ದು 2005ರಲ್ಲಿ.

ಯಾರ ಕೆಲಸ ಏನು?

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಪ್ರಧಾನಿ ಅಧ್ಯಕ್ಷರು. ಅದು ನೀತಿ ರೂಪಿಸುತ್ತದೆ, ಮಾರ್ಗಸೂಚಿ ಕೊಡುತ್ತದೆ. ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ, ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಸ್ಥಳದಲ್ಲಿ ಜನರನ್ನು ತೆರವುಗೊಳಿಸುವ, ರಸ್ತೆ ಮುಚ್ಚುವ, ವಾಹನ ವಶಕ್ಕೆ ಪಡೆಯುವ ಅಧಿಕಾರ ಕಾನೂನಿನಂತೆ ಜಿಲ್ಲೆಗೇ ಇದೆ. ಬೀದರ್ ಜಿಲ್ಲಾಡಳಿತದ ಕೈಕೆಳಗೆ ಬಸವಕಲ್ಯಾಣದ ಉಪವಿಭಾಗಾಧಿಕಾರಿ, ಆಯಾ ತಾಲೂಕಿನ ತಹಶೀಲ್ದಾರರು ಕೆಲಸ ಮಾಡುತ್ತಾರೆ. ಪರಿಹಾರಕ್ಕೆ ಬಳಸುವ ರಾಜ್ಯ ವಿಪತ್ತು ಸ್ಪಂದನಾ ನಿಧಿಯಲ್ಲಿ ಕರ್ನಾಟಕಕ್ಕೆ ಕೇಂದ್ರದ ಪಾಲು ಶೇ. 75, ರಾಜ್ಯದ್ದು ಶೇ. 25.

ಎನ್‌ಡಿಆರ್‌ಎಫ್ ಎಂಬ ರಾಷ್ಟ್ರೀಯ ಪಡೆ 2006ರಿಂದ ಇದೆ. ಪರಿಸ್ಥಿತಿ ಕೈಮೀರಿದಾಗ ರಾಜ್ಯ ಅದನ್ನು ಕರೆಸಿಕೊಳ್ಳುತ್ತದೆ. ಆದರೆ ಅದು ತಲುಪಲು ಹೊತ್ತು ಬೇಕು. ಅವಶೇಷದಡಿ ಸಿಲುಕಿದವರನ್ನು ಮೊದಲ ಗಂಟೆಗಳಲ್ಲಿ ಹೊರತೆಗೆಯುವವರು ಸಾಮಾನ್ಯವಾಗಿ ಅಕ್ಕಪಕ್ಕದ ಮನೆಯವರೇ.

ಮುನ್ಸೂಚನೆ ಸಿಗುತ್ತದೆಯೇ?

ಮಳೆ, ಸಿಡಿಲಿಗೆ ಸಿಗುತ್ತದೆ. ಭೂಕಂಪದ ದಿನ, ಗಳಿಗೆಯನ್ನು ಯಾವ ಸಂಸ್ಥೆಯೂ ಹೇಳಲಾರದು. ‘ಇಂದು ರಾತ್ರಿ ಭೂಕಂಪ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಬಂದರೆ ಅದು ಸುಳ್ಳು.

ಹಾಗಾದರೆ ಸಿದ್ಧತೆ ಎಂದರೇನು?

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಕಲ್ಲುಮಣ್ಣಿನ ದಪ್ಪ ಗೋಡೆ ಮತ್ತು ಭಾರವಾದ ಮಣ್ಣಿನ ಮಾಳಿಗೆ. ಅಂಥ ಮನೆಗಳು ಈ ಭಾಗದಲ್ಲೂ ಇವೆ. ಸೋರುತ್ತದೆಂದು ಮಾಳಿಗೆಯ ಮೇಲೆ ಮತ್ತೆ ಮತ್ತೆ ಮಣ್ಣು ಹೇರಬೇಡಿ. ಗೋಡೆ ಕಟ್ಟುವಾಗ ಎರಡೂ ಮೈಯನ್ನು ಹಿಡಿಯುವ ಉದ್ದಗಲ್ಲು ಇಡಿಸಿ, ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿಸಿ. ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತು ಸಂಖ್ಯೆ 112 ಮನೆಯವರೆಲ್ಲರಿಗೂ ಗೊತ್ತಿರಲಿ.

ದಿಲ್ಲಿ ಮಾರ್ಗಸೂಚಿ ಕೊಡಬಹುದು. ಗೋಡೆ ಗಟ್ಟಿ ಮಾಡಿಕೊಳ್ಳಬೇಕಾದವರು ನಾವೇ.