ಉದರಭಿತ್ತಿಯೂ ವಾಯುವಿನ ಒತ್ತಡವೂ: ಒಂದು ಚಾರಿತ್ರಿಕ ವಿಚಾರ

ಹೊಟ್ಟೆಯನ್ನು ಅಗಲವಾಗಿ ಸೀಳದೆ ಸಣ್ಣ ರಂಧ್ರಗಳ ಮೂಲಕ ಮಾಡುವ, ಲ್ಯಾಪರಾಸ್ಕೋಪಿಯೆಂದು ಹೆಸರಾದ ಶಸ್ತ್ರಚಿಕಿತ್ಸೆಯು ಈಗ ಸರ್ವತ್ರ ರೂಢಿಯಲ್ಲಿದೆ. ಇದರ ಚರಿತ್ರೆಯೆಂದೊಡನೆ ಒಳಗನ್ನು ಕಾಣಿಸುವ ದರ್ಶಕನಳಿಕೆಯೇ ಮೊದಲು ನೆನಪಿಗೆ ಬರುವುದು ಸಹಜ. ಆದರೆ ನೋಡುವುದಕ್ಕೆ ಕಣ್ಣು ಸಾಲದು, ಎಡೆಯೂ ಬೇಕು. ಉದರದಲ್ಲಿ ಸ್ವಭಾವತಃ ತೆರಪಿಲ್ಲ. ಕರುಳು, ಯಕೃತ್ತು ಮೊದಲಾದುವು ಭಿತ್ತಿಗೆ ಅಂಟಿಕೊಂಡಂತೆಯೇ ಇರುತ್ತವೆ. ವಾಯುವನ್ನು ತುಂಬಿ ಭಿತ್ತಿಯನ್ನು ಮೇಲೆತ್ತಿದಲ್ಲದೆ ಶಸ್ತ್ರವೈದ್ಯನಿಗೆ ಕೆಲಸವಿಲ್ಲ. ಈ ಭಿತ್ತಿಯು ಎಲ್ಲಿಯವರೆಗೆ ಮಣಿಯುತ್ತದೆ, ಎಲ್ಲಿ ಎದುರು ನಿಲ್ಲುತ್ತದೆ ಎಂಬುದನ್ನು ವೈದ್ಯರು ಅರಿತ ಬಗೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೧೯೦೧ರಲ್ಲಿ ಹಾಂಬುರ್ಗ್ ನಗರದಲ್ಲಿ ಕೂಡಿದ ಜರ್ಮನ್ ವಿಜ್ಞಾನಿಗಳ ಮತ್ತು ವೈದ್ಯರ ಸಮ್ಮೇಳನದಲ್ಲಿ, ಡ್ರೆಸ್ಡೆನ್ನಿನ ಗೇಯೋರ್ಗ್ ಕೆಲಿಂಗನು ಒಂದು ನಾಯಿಯ ಉದರಕ್ಕೆ ಹತ್ತಿಯಿಂದ ಶೋಧಿಸಿದ ಗಾಳಿಯನ್ನು ತುಂಬಿ, ಮೂತ್ರಕೋಶವನ್ನು ನೋಡಲೆಂದು ನಿರ್ಮಿತವಾಗಿದ್ದ ನಿಟ್ಸೆಯ ದರ್ಶಕದಿಂದ ಒಳಗಣ ಅಂಗಗಳನ್ನು ತೋರಿಸಿದನು. ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದುಂಟು. ಕೆಲಿಂಗನಿಗೆ ಒತ್ತಡವು ಕೇವಲ ಸಾಧನವಾಗಿರಲಿಲ್ಲ, ಅದೇ ಔಷಧವಾಗಿತ್ತು. ಜಠರ ಮತ್ತು ಕರುಳುಗಳಲ್ಲಿ ಒಸರುವ ರಕ್ತವನ್ನು ಹೊರಗಿನಿಂದ ಗಾಳಿಯಿಂದೊತ್ತಿ ನಿಲ್ಲಿಸಬಹುದೆಂಬುದು ಅವನ ಮೂಲಚಿಂತನೆ. ಆದ್ದರಿಂದಲೇ ಅವನು ಬಳಸಿದ ಒತ್ತಡವು ಪಾದರಸದ ೫೦ ಮಿಲಿಮೀಟರಿನಷ್ಟು ಎತ್ತರಕ್ಕೆ ಏರಿತು. ಇಂದಿನ ರೂಢಿಯಾದರೋ ೧೨ರಿಂದ ೧೫.

೧೯೧೦ರಲ್ಲಿ ಸ್ಟಾಕ್‌ಹೋಮಿನ ಯಾಕೋಬೇಯಸನು ಈ ಪರೀಕ್ಷೆಯನ್ನು ಮನುಷ್ಯರಲ್ಲಿ ನಡೆಸಿದ ವಿವರಗಳನ್ನು ಪ್ರಕಟಿಸಿದನು. ಜಲೋದರದ ರೋಗಿಗಳು ಅವನಿಗೆ ಅನುಕೂಲರಾದರು. ಅವರ ಭಿತ್ತಿಯು ನೀರಿನಿಂದ ಮೊದಲೇ ಹಿಗ್ಗಿದ್ದುದರಿಂದ, ನೀರನ್ನು ತೆಗೆದು ಆ ಸ್ಥಳದಲ್ಲಿ ಗಾಳಿಯನ್ನು ಸೇರಿಸುವುದು ಸುಲಭವಾಗಿತ್ತು. ಮರುವರ್ಷವೇ ಅಮೆರಿಕದ ಹೇವನ್ ಎಮರ್ಸನ್ನನು ಇದರ ಮತ್ತೊಂದು ಮುಖವನ್ನು ತೋರಿಸಿದನು. ಪ್ರಾಣಿಗಳ ಉದರದೊಳಗಿನ ಒತ್ತಡವನ್ನು ಮಿತಿಮೀರಿ ಏರಿಸಿದರೆ, ಉಸಿರು ಕಟ್ಟುವುದಕ್ಕೆ ಮೊದಲೇ ಹೃದಯವು ಸೋತು ಮರಣವುಂಟಾಗಬಹುದೆಂದು ಅವನು ನಿರ್ಣಯಿಸಿದನು. ಕಾರಣವು ಸ್ಪಷ್ಟ. ಹೃದಯಕ್ಕೆ ಮರಳುವ ರಕ್ತವು ದೊಡ್ಡ ಸಿರೆಯಲ್ಲಿ ಅತ್ಯಲ್ಪ ಒತ್ತಡದಿಂದ ಹರಿಯುತ್ತದೆ. ಸುತ್ತಣ ಒತ್ತಡವು ಹೆಚ್ಚಿದರೆ ಆ ಸಿರೆಯು ಅದುಮಿಹೋಗುತ್ತದೆ. ವಪೆಯು ಮೇಲಕ್ಕೆ ತಳ್ಳಲ್ಪಟ್ಟು ಶ್ವಾಸಕೋಶಗಳಿಗೂ ಎಡೆ ಕಡಮೆಯಾಗುತ್ತದೆ.

ಅನಂತರದ ದಶಕಗಳಲ್ಲಿ ಉಪಕರಣಗಳು ಒಂದೊಂದಾಗಿ ಒದಗಿದುವು. ೧೯೨೪ರಲ್ಲಿ ಸ್ವಿಟ್ಜರ್ಲೆಂಡಿನ ಜೋಲಿಕೋಫರನು ಗಾಳಿಗೆ ಬದಲಾಗಿ ಇಂಗಾಲಾಮ್ಲ ವಾಯುವನ್ನು ಸೂಚಿಸಿದನು. ಅದು ಉರಿಯದು, ರಕ್ತದಲ್ಲಿ ಬೇಗನೆ ಕರಗಿ ಉಸಿರಿನೊಡನೆ ಹೊರಬೀಳುತ್ತದೆ. ೧೯೩೮ರಲ್ಲಿ ಹಂಗೇರಿಯ ವೆರೆಶ್ಶನು ಬಿಲ್ಸುರುಳಿಯ ಸೂಜಿಯೊಂದನ್ನು ಪ್ರಕಟಪಡಿಸಿದನು. ಅದು ಉದರಕ್ಕಾಗಿ ಹುಟ್ಟಿದುದಲ್ಲ. ಕ್ಷಯರೋಗಿಗಳ ಎದೆಯೊಳಕ್ಕೆ ಗಾಳಿ ಸೇರಿಸುವುದಕ್ಕೆಂದು ಹುಟ್ಟಿದುದು. ಭಿತ್ತಿಯ ತಡೆ ಕಳೆದೊಡನೆ ಮೊಂಡು ತುದಿಯು ಮುಂದೆ ಚಿಮ್ಮಿ ಒಳಗಿನ ಅಂಗವನ್ನು ಕಾಯುವ ಈ ಸೂಜಿಯೇ ಮುಂದೆ ಉದರಚಿಕಿತ್ಸೆಯಲ್ಲಿ ನೆಲೆನಿಂತಿತು.

ಒತ್ತಡವನ್ನು ಅಳೆಯುತ್ತಲೇ ವಾಯುವನ್ನು ತುಂಬಬೇಕು, ಅದು ೨೫ ಮಿಲಿಮೀಟರನ್ನು ಮೀರಕೂಡದು ಎಂಬ ಕಟ್ಟಳೆಯನ್ನು ಹಾಕಿದವನು ಪ್ಯಾರಿಸಿನ ಸ್ತ್ರೀರೋಗವೈದ್ಯ ರಾವುಲ್ ಪಾಲ್ಮರನು. ಇದು ನಡೆದುದು ೧೯೪೦ರ ದಶಕದಲ್ಲಿ. ಜರ್ಮನಿಯ ಕುರ್ಟ್ ಜೆಮ್ಮನು ೧೯೬೦ರ ದಶಕದಲ್ಲಿ ಒತ್ತಡವನ್ನು ತಾನೇ ಕಾಯ್ದುಕೊಳ್ಳುವ ಯಂತ್ರವನ್ನು ರೂಪಿಸಿದನು. ಅವನೇ ೧೯೮೦ರಲ್ಲಿ ಅಪೆಂಡಿಕ್ಸನ್ನೂ, ಎರಿಕ್ ಮ್ಯೂಹೆಯು ೧೯೮೫ರಲ್ಲಿ ಪಿತ್ತಕೋಶವನ್ನೂ ಈ ಮಾರ್ಗದಿಂದ ತೆಗೆದರು.

ಭಿತ್ತಿಯ ನಡವಳಿಕೆಯೇ ಈ ಕಟ್ಟಳೆಗೆ ಆಧಾರ. ಮೊದಲು ಸೇರುವ ವಾಯುವಿಗೆ ಅದು ಆಕಾರವನ್ನು ಬದಲಿಸಿ ಎಡೆಗೊಡುತ್ತದೆ. ಚಪ್ಪಟೆಯಾಗಿದ್ದ ಹೊಟ್ಟೆಯು ಗುಮ್ಮಟದಂತೆ ಏಳುತ್ತದೆ. ಅಲ್ಲಿಂದ ಮುಂದೆ ತಂತುಗಳೇ ಹಿಗ್ಗಬೇಕು. ಹಿಗ್ಗಿದಷ್ಟೂ ಅವು ಬಿಗಿಯಾಗುವುದರಿಂದ ಒತ್ತಡವು ಏರಿದರೂ ಎಡೆಯು ಅದಕ್ಕೆ ತಕ್ಕಷ್ಟು ಹೆಚ್ಚುವುದಿಲ್ಲ. ನಡುಗೆರೆಯ ತಂತುಗಳು ಬಹುಮಟ್ಟಿಗೆ ಅಡ್ಡಲಾಗಿ ಹೆಣೆದಿರುವುದರಿಂದ ಭಿತ್ತಿಯು ಅಡ್ಡಕ್ಕೆ ಬಿಗಿ, ಉದ್ದಕ್ಕೆ ಸಡಿಲ. ಹೆತ್ತ ತಾಯಂದಿರಲ್ಲಿ ಅದು ಹೆಚ್ಚು ಮಣಿಯುತ್ತದೆ. ಒಬ್ಬರಿಗೆ ಸಾಕಾದ ಒತ್ತಡವು ಇನ್ನೊಬ್ಬರಿಗೆ ಸಾಲದಿರುವುದು ಇದರಿಂದಲೇ.

ಈ ಚರಿತ್ರೆಯಿಂದ ತೋರಿಬರುವ ತಥ್ಯವಿಷ್ಟು: ಕೆಲಿಂಗನು ಬಯಸಿದುದು ಒತ್ತಡವನ್ನು, ಎಡೆಯು ಅದರೊಡನೆ ಬಂದ ಫಲ, ಅನಂತರದವರು ಬಯಸಿದುದು ಎಡೆಯನ್ನು, ಒತ್ತಡವು ಅದಕ್ಕಾಗಿ ತೆರಬೇಕಾದ ಬೆಲೆ. ಕ್ರಿಯೆಯು ಒಂದೇ ಆದರೂ ಉದ್ದೇಶವು ತಲೆಕೆಳಗಾಯಿತು. ಕಾರ್ಯಕ್ಕೆ ಸಾಕಾಗುವ ಅತ್ಯಲ್ಪ ಒತ್ತಡವನ್ನೇ ಬಳಸಬೇಕೆಂಬ ಇಂದಿನ ನಿಯಮವು ಈ ಬದಲಾವಣೆಯ ಫಲ. ಅದನ್ನು ಮೀರಿದಾಗ ಬೆಲೆ ತೆರುವವನು ವೈದ್ಯನಲ್ಲ, ಮಂಚದ ಮೇಲೆ ಮೈಮರೆತು ಮಲಗಿರುವ ರೋಗಿ.