ಆಪರೇಟಿಂಗ್ ಸಿಸ್ಟಮ್ ಮತ್ತು ಕನ್ನಡ ಅಕ್ಷರ (ಮಂಡ್ಯ, ಮದ್ದೂರು, ಮಳವಳ್ಳಿ)

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಕಚೇರಿ ಮತ್ತು ಡಿಟಿಪಿ ಅಂಗಡಿಗಳಲ್ಲಿ ಒಂದು ಆಪರೇಟಿಂಗ್ ಸಿಸ್ಟಮ್ ಸಲೀಸು ಅನ್ನಿಸಿಕೊಳ್ಳಬೇಕಾದರೆ ಎರಡು ಪರೀಕ್ಷೆ ಗೆಲ್ಲಬೇಕು. ಕನ್ನಡ ಅಕ್ಷರ ಒಡೆಯದೆ ಮೂಡಬೇಕು. ಕೆಟ್ಟ ದಿನ ಸರಿಮಾಡಿಕೊಡುವವರು ನಡೆದುಹೋಗುವಷ್ಟು ಹತ್ತಿರದಲ್ಲಿರಬೇಕು. ವಿಂಡೋಸ್ ಇಲ್ಲಿ ಬೇರೂರಿದ್ದು ಹೆಚ್ಚಾಗಿ ಎರಡನೆಯ ಪರೀಕ್ಷೆಯಲ್ಲಿ ಗೆದ್ದದ್ದರಿಂದ. ಮೊದಲನೆಯದರಲ್ಲಿ ಅದು ಬಹುಕಾಲ ನಪಾಸಾಗಿತ್ತು.

ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ರಾಜ್ಯದ ಭೂಮಿ ಯೋಜನೆ ಮೊದಮೊದಲು ಜಾರಿಯಾದ ತಾಲ್ಲೂಕುಗಳಲ್ಲಿ ಮದ್ದೂರೂ ಒಂದು. ರೈತ 15 ರೂಪಾಯಿ ಕೊಟ್ಟು ಕಿಯೋಸ್ಕಿನಲ್ಲಿ ಪಹಣಿ ಪಡೆಯುತ್ತಿದ್ದ. ಅಧಿಕಾರಿ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಿತ್ತು. ಎದುರು ನಿಂತವನ ಕಡೆಗೂ ಒಂದು ಪರದೆ ತಿರುಗಿರುತ್ತಿತ್ತು. ತನ್ನ ಹೆಸರು, ಸರ್ವೆ ನಂಬರು ಕನ್ನಡದಲ್ಲಿ ಮೂಡುವುದನ್ನು ಅವನೇ ಕಾಣಬಹುದಾಗಿತ್ತು. ಬಳಕೆಯ ಸುಲಭತೆಯ ಬಗ್ಗೆ ಆ ಕಾಲದಲ್ಲಿ ನಡೆದ ಎಷ್ಟೋ ಚರ್ಚೆಗಳಿಗಿಂತ ಆ ಎರಡನೆಯ ಪರದೆ ದೊಡ್ಡ ಕೆಲಸ ಮಾಡಿತು. ಹೊಸ ದೂರೂ ಒಂದು ಹುಟ್ಟಿತು: "ಸರ್ವರ್ ಇಲ್ಲ." ದೋಷ ಯಂತ್ರದ್ದೋ, ತಂತಿಯದ್ದೋ, ಸಾಫ್ಟ್‌ವೇರಿನದ್ದೋ, ಕ್ಯೂನಲ್ಲಿ ನಿಂತವರಿಗೆ ಉತ್ತರ ಮಾತ್ರ ಇದೊಂದೇ.

ಅಕ್ಷರದ ತಂಟೆಯನ್ನು ತಿಳಿಯಲು ಈ ಊರುಗಳ ಹೆಸರೇ ಸಾಕು. ಮೂರೂ 'ಮ'ದಿಂದ ಶುರುವಾಗುತ್ತವೆ, ಮೂರರಲ್ಲೂ ಒತ್ತಕ್ಷರವಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಸಂಕೇತಕ್ರಮ ಅಕ್ಷರವನ್ನಲ್ಲ, ಅಕ್ಷರದ ಚೂರುಗಳನ್ನು ಕೂಡಿಡುತ್ತದೆ. 'ಮ' ಬರೆಯಲು ಅದಕ್ಕೆ ಮೂರು ಚೂರು ಬೇಕು: 'ವ'ದ ಒಡಲು, ತಲೆಕಟ್ಟು, ಕೊಂಬು. 'ಮಂಡ್ಯ'ಕ್ಕೆ ಒಟ್ಟು ಏಳು. ಈ ಚೂರುಗಳು ಕೂತಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ. ಹಾಗಾಗಿ ನುಡಿ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಊರಿನ ಹೆಸರಿನ ಬದಲು ಚುಕ್ಕೆ-ಗೀಟು ಹೊತ್ತ ಲ್ಯಾಟಿನ್ ಲಿಪಿ, ನಡುವೆ ಒಂದು 'ಎ', ಒಂದು 'ಕ್ಯೂ' ಕಾಣುತ್ತವೆ. ಜನ ಇದನ್ನು ವೈರಸ್ ಎಂದುಕೊಂಡು ಸಿಸ್ಟಮ್ ಫಾರ್ಮ್ಯಾಟ್ ಹೊಡೆಸಿದ್ದೂ ಉಂಟು. ಬೇಕಿದ್ದದ್ದು ಒಂದು ಫಾಂಟ್ ಅಷ್ಟೇ.

ಚೂರುಗಳ ಬದಲು ಅಕ್ಷರಗಳನ್ನೇ ಕೂಡಿಡುವ ಜಾಗತಿಕ ಸಂಕೇತಕ್ರಮ ಯೂನಿಕೋಡ್ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಅದರಲ್ಲಿ 'ಮಂಡ್ಯ' ಐದು ಸಂಕೇತ: ಮ, ಸೊನ್ನೆ, ಡ, ವಿರಾಮ, ಯ. ಯ-ಒತ್ತನ್ನು 'ಡ'ದ ಪಕ್ಕ ಕೂರಿಸುವುದು ಆಪರೇಟಿಂಗ್ ಸಿಸ್ಟಮ್‌ನ ಹೊಣೆ. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟಿನೊಂದಿಗೆ ಬಂದರೂ ಈ ಕೆಲಸವನ್ನು ತಾನಾಗಿ ಮಾಡುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಭಾಷಾ ವಿಭಾಗಕ್ಕೆ ಹೋಗಿ ಒಂದು ಚೌಕಕ್ಕೆ ಟಿಕ್ ಹಾಕಬೇಕಿತ್ತು. ಆಗ ಅದು ಎಕ್ಸ್‌ಪಿ ಸಿ.ಡಿ. ಕೇಳುತ್ತಿತ್ತು. ಅಂಗಡಿಯವರು ಜೋಡಿಸಿಕೊಟ್ಟ ಯಂತ್ರದ ಜೊತೆ ಸಿ.ಡಿ. ಎಲ್ಲಿಂದ ಬರಬೇಕು? ವಿಂಡೋಸ್ ವಿಸ್ತಾದಿಂದ ಈಚೆಗೆ ಈ ಕಾಟ ತಪ್ಪಿತು. ಮ್ಯಾಕ್‌ನಲ್ಲಿ ಕನ್ನಡ ಫಾಂಟುಗಳು 2011ರ ಲಯನ್ ಹೊತ್ತಿಗೆ ಬಂದವು. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ನೆಟ್ಟಗಾದದ್ದು 2012ರ 4.1 ಆವೃತ್ತಿಯಿಂದ.

ಲಿನಕ್ಸ್ ಮೇಲೆ ಯೂನಿಕೋಡ್ ಕನ್ನಡಕ್ಕೆ ತೊಂದರೆಯಿಲ್ಲ. ಲೋಹಿತ್, ಗುಬ್ಬಿ, ನವಿಲು ಫಾಂಟುಗಳಿವೆ; ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೂ ಸಿಗುತ್ತದೆ. ನುಡಿ ಮಾತ್ರ ವಿಂಡೋಸಿಗೆಂದೇ ಬರೆದದ್ದು. ಅದರ ಫಾಂಟನ್ನು ಲಿನಕ್ಸಿಗೆ ಹಾಕಿಕೊಂಡು ಹಳೆಯ ಕಡತ ಓದಬಹುದು, ತಿದ್ದುವುದು ಕಷ್ಟ. ಅಗ್ಗದ ಲೇಸರ್ ಪ್ರಿಂಟರುಗಳಲ್ಲಿ ಹಲವು, ಪುಟ ಸಿದ್ಧಪಡಿಸುವ ಕೆಲಸವನ್ನು ವಿಂಡೋಸ್ ಡ್ರೈವರಿಗೇ ಬಿಟ್ಟಿದ್ದವು. ಲಿನಕ್ಸ್ ಹಾಕಿದ ದಿನವೇ ಅವು ಮುಷ್ಕರ ಹೂಡುತ್ತಿದ್ದವು. ಪ್ರಿಂಟ್ ಬರದ ಡಿಟಿಪಿ ಅಂಗಡಿ ಅಂಗಡಿಯೇ ಅಲ್ಲ. ಪೆನ್‌ಡ್ರೈವ್ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಫೋಲ್ಡರುಗಳನ್ನೆಲ್ಲ ಅಡಗಿಸಿ ಶಾರ್ಟ್‌ಕಟ್ ಮಾಡಿಬಿಡುವ ವೈರಸ್ ವಿಂಡೋಸಿನಲ್ಲಷ್ಟೇ ಓಡುತ್ತದೆ. ಬಲ್ಲವರು ಆಟ್ರಿಬ್ ಆಜ್ಞೆ ಕೊಟ್ಟು ಕಡತ ಬಿಡಿಸಿಕೊಳ್ಳುತ್ತಾರೆ. ಇನ್ನೂ ಬಲ್ಲವರು ಅದೇ ಪೆನ್‌ಡ್ರೈವನ್ನು ಲಿನಕ್ಸಿಗೆ ಚುಚ್ಚಿ ಕಡತಗಳನ್ನು ನಕಲು ಮಾಡಿಕೊಳ್ಳುತ್ತಾರೆ.

ಅಭ್ಯಾಸ ಎಷ್ಟರಮಟ್ಟಿಗೆ 'ಸುಲಭ' ಅನ್ನಿಸಿಕೊಳ್ಳುತ್ತದೆ ಎಂಬುದಕ್ಕೆ ಕಾಸರಗೋಡನ್ನು ನೋಡಬೇಕು. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ ಕೈಟ್, ಶಾಲೆಗಳಿಗೆ ಲಿನಕ್ಸನ್ನೇ ಕೊಟ್ಟಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಲಿಯುವ ಸಿಸ್ಟಮ್ ಅದೇ, ಹಾಗಾಗಿ ಅವರಿಗೆ ಸುಲಭ ಅನ್ನಿಸುವುದೂ ಅದೇ.

ಕರೆಂಟಿನ ಮಾತನ್ನೂ ಸೇರಿಸಬೇಕು. ವಿಂಡೋಸ್ 98 ಓಡುತ್ತಿರುವಾಗ ಕರೆಂಟು ಹೋದರೆ ಮುಂದಿನ ಸಲ ನೀಲಿ ಪರದೆಯಲ್ಲಿ ಸ್ಕ್ಯಾನ್‌ಡಿಸ್ಕ್ ಮುಗಿಯುವವರೆಗೆ ಕೈಕಟ್ಟಿ ಕೂರಬೇಕಿತ್ತು. ಬದಲಾವಣೆಗಳನ್ನು ಮೊದಲೇ ದಾಖಲಿಸಿಕೊಳ್ಳುವ ಎನ್‌ಟಿಎಫ್‌ಎಸ್, ಲಿನಕ್ಸಿನ ಎಕ್ಸ್‌ಟಿ3 ಬಂದ ಮೇಲೆ ಈ ಕಾಯುವಿಕೆ ತಗ್ಗಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಿತ್ತು. ನೂರು ವರ್ಷದ ಮೇಲೆ ಅದೇ ತಾಲ್ಲೂಕಿನಲ್ಲಿ ಕಂಪ್ಯೂಟರ್ ಕೊಂಡವರು ಜೊತೆಗೆ ಯುಪಿಎಸ್ಸನ್ನೂ ಕೊಳ್ಳುತ್ತಿದ್ದರು.

ಇವತ್ತು ಯಾವ ಸಿಸ್ಟಮ್ ಹಾಕಿದರೂ ಕನ್ನಡ ಮೂಡುತ್ತದೆ. ಉಳಿದಿರುವ ತೊಡಕು ಹಳೆಯ ನುಡಿ ಕಡತಗಳದ್ದು. ಅವುಗಳಲ್ಲಿ 'ಅರ್ಜಿ' ಎಂಬುದು ಅ, ಜಿ, ಕೊನೆಗೆ ಅರ್ಕಾವೊತ್ತು. ಕಣ್ಣಿಗೆ ಕಾಣುವ ಕ್ರಮ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ಅಂದರೆ ರ್ ಮೊದಲು, ಜಿ ಆಮೇಲೆ. ಪರಿವರ್ತಕ ತಂತ್ರಾಂಶ ಇದನ್ನು ಹಿಂದುಮುಂದು ಮಾಡಿ ಜೋಡಿಸಬೇಕು. ಪರಿವರ್ತಿಸದೆ ಬಿಟ್ಟ ಕಡತ ಹಾರ್ಡ್ ಡಿಸ್ಕಿನಲ್ಲೇ ಇದ್ದರೂ ಯೂನಿಕೋಡಿನಲ್ಲಿ 'ಅರ್ಜಿ' ಎಂದು ಹುಡುಕಿದರೆ ಏನೂ ಸಿಗುವುದಿಲ್ಲ.