ಬೆಣೆಯ ಸಂದು

ಈಚೆಗೆ ನಾವು ಪುಸ್ತಕಗಳನ್ನಿಡಲು ಮನೆಯಲ್ಲಿಯೇ ಒಂದು ಸಣ್ಣ ಮರದ ಅಲಮಾರನ್ನು ಮಾಡಹೊರಟೆವು. ಮೊಳೆಯನ್ನಾಗಲಿ ಅಂಟನ್ನಾಗಲಿ ಮುಟ್ಟಬಾರದೆಂದು ಹಟ. ಅಡ್ಡಹಲಗೆಯ ತುದಿಯನ್ನು ನಾಲಗೆಯಂತೆ ಕೊಯ್ದು, ನಿಂತ ಹಲಗೆಯ ಚೌಕದ ತೂತಿನಲ್ಲಿ ಹಾಯಿಸಿ, ಆಚೆಗೆ ಬಂದ ಭಾಗದಲ್ಲಿ ಕಂಡಿ ಕೊರೆದು ಬೆಣೆ ಹೊಡೆಯತಕ್ಕ ಸಂದನ್ನು ಆರಿಸಿಕೊಂಡೆವು. ನಮಗೆ ಅದು ಹೊಸದು. ಬೆಣೆ ಹೊಡೆದೆವು, ಸಂದು ಬಿಗಿಯಲಿಲ್ಲ. ಕೊಡತಿಯಿಂದ ಇನ್ನೂ ಬಲವಾಗಿ ಹೊಡೆದೆವು. ನಾಲಗೆಯ ತುದಿಯೇ ಸೀಳಿತು. ತಪ್ಪು ಆಮೇಲೆ ತಿಳಿಯಿತು. ಬೆಣೆಯ ಕಂಡಿಯು ನಿಂತ ಹಲಗೆಯ ಹೊರಮೈಯಿಂದ ತುಸು ಒಳಗಡೆಯೇ ಆರಂಭವಾಗಬೇಕು. ಆಗ ಮಾತ್ರ ಬೆಣೆಯು ಹಲಗೆಯನ್ನೊತ್ತಿ ನಾಲಗೆಯನ್ನು ಹೊರಕ್ಕೆ ಸೆಳೆಯುತ್ತದೆ. ನಾವು ಪೂರ್ತಿ ಹೊರಗಡೆ ಕೊರೆದಿದ್ದೆವು. ತುದಿಯಲ್ಲಿ ಉಳಿಸಿದ ಮರವೂ ಸಾಲದಾಗಿತ್ತು.

ಈ ಸಂದಿನ ವಯಸ್ಸೆಷ್ಟು? ಜರ್ಮನಿಯ ಲೈಪ್ಸಿಗ್ ನಗರದ ಸುತ್ತಣ ಬಯಲಿನಲ್ಲಿ ನವಶಿಲಾಯುಗದ ನಾಲ್ಕು ಬಾವಿಗಳು ದೊರೆತಿವೆ. ಮಣ್ಣು ಕುಸಿಯದಂತೆ ಅವುಗಳ ಒಳಗೆ ಓಕ್ ಮರವನ್ನು ಕಟ್ಟಿದ್ದಾರೆ. 151 ಮರದ ತುಂಡುಗಳ ವಾರ್ಷಿಕ ಬಳೆಗಳನ್ನು ಪರೀಕ್ಷಿಸಿದ ವಿದ್ವಾಂಸರು, ಆ ಬಳೆಗಳ ಕಾಲ ಕ್ರಿ. ಪೂ. 5469 ರಿಂದ 5098 ರವರೆಗಿನದೆಂದು 2012 ರಲ್ಲಿ ಪ್ರಕಟಿಸಿದರು. ಒಂದು ಬಾವಿಯ ತಳದ ಚೌಕಟ್ಟಿನಲ್ಲಿ ನಮ್ಮನ್ನು ಸೋಲಿಸಿದ ಸಂದೇ ಇದೆ: ಅದೇ ತೂತು, ಅದೇ ನಾಲಗೆ, ಅದೇ ಬೆಣೆ. ಕಬ್ಬಿಣದ ಉಳಿಯ ಮಾತು ಹಾಗಿರಲಿ, ಆ ಬೇಸಾಯಗಾರರು ಕೆತ್ತಿದ್ದು ಕಲ್ಲಿನ ಬಾಚಿಯಿಂದ!

ಚರಿತ್ರೆಯನ್ನು ಬೋಧಿಸತಕ್ಕ ನಮ್ಮಂಥವರು ಇಲ್ಲಿ ಕೊಂಚ ನಾಚಬೇಕೆಂದು ತೋರುತ್ತದೆ. ಕೋಪನ್‌ಹೇಗನ್ನಿನ ಥಾಮ್ಸೆನ್ನನು ವಸ್ತುಸಂಗ್ರಹಾಲಯದ ಪದಾರ್ಥಗಳನ್ನು ಕಲ್ಲು, ಕಂಚು, ಕಬ್ಬಿಣಗಳೆಂದು ವಿಂಗಡಿಸಿದ ಕ್ರಮವು 1836 ರಲ್ಲಿ ಅಚ್ಚಾಯಿತು. ಅದು ಉಪಯುಕ್ತವಾದ ಕ್ರಮವೇ ಸರಿ. ಆದರೆ ಯುಗಗಳಿಗೆ ಹೆಸರು ಬಂದದ್ದು ಉಳಿದುಕೊಂಡ ವಸ್ತುಗಳಿಂದ; ಮರ ಕೊಳೆತುಹೋಯಿತು, ಅದರ ಯುಗವು ನಮ್ಮ ಪುಸ್ತಕಗಳಲ್ಲಿಲ್ಲ. ಕಲ್ಲಿನ ಬಾಚಿಯ ಚಿತ್ರವನ್ನು ತೋರಿಸಿ ಮುಂದಕ್ಕೆ ಹೋಗುತ್ತೇವೆ. ಆ ಬಾಚಿ ಏನನ್ನು ಕೆತ್ತಿತೆಂದು ಕೇಳುವವರು ವಿರಳ.

ಲೈಪ್ಸಿಗ್ಗಿನ ಮರ ಉಳಿದದ್ದು ಗಾಳಿ ತಾಕದ ನೀರಿನಲ್ಲಿ. ಆಫ್ರಿಕದ ಜಾಂಬಿಯಾದಲ್ಲಿ, ಕಲಾಂಬೋ ಜಲಪಾತದ ಬಳಿಯ ತೇವದ ನೆಲದಲ್ಲಿಯೂ ಹೀಗೆಯೇ ಉಳಿದಿದ್ದ ಎರಡು ದಿಮ್ಮಿಗಳ ವಿಷಯ 2023 ರಲ್ಲಿ ಪ್ರಕಟವಾಯಿತು. ಕಚ್ಚು ಕೊರೆದು ಒಂದರ ಮೇಲೊಂದನ್ನು ಕೂರಿಸಿದ್ದಾರೆ. ಅವುಗಳ ವಯಸ್ಸು ಸುಮಾರು 4,76,000 ವರ್ಷ. ಅಂದರೆ ನಮ್ಮ ಮಾನವಜಾತಿಯೇ ಇನ್ನೂ ಹುಟ್ಟಿರಲಿಲ್ಲ.

ನಮ್ಮ ನಾಡಿನಲ್ಲಿ ಮರದ ನೆನಪನ್ನು ಕಾದಿರುವುದು ಕಲ್ಲು. ಐಹೊಳೆಯ ಲಾಡಖಾನ್ ಗುಡಿಯ ಇಳಿಜಾರು ಮಾಳಿಗೆಯಲ್ಲಿ ಚಪ್ಪಡಿಗಳು ಕೂಡುವೆಡೆಯನ್ನು ಉದ್ದನೆಯ ಕಲ್ಲುಪಟ್ಟಿಗಳಿಂದ ಮುಚ್ಚಿದ್ದಾರೆ. ದೂರದಿಂದ ಅವು ಮರದ ದಿಮ್ಮಿಗಳಂತೆಯೇ ಕಾಣುತ್ತವೆ.

ನಮ್ಮ ಅಲಮಾರು ಈಗ ನಿಂತಿದೆ. ಬೇಸಗೆಯಲ್ಲಿ ಮರ ಒಣಗಿ ಸಂದು ಸಡಿಲವಾದಾಗ ಬೆಣೆಗೊಂದು ಏಟು ಕೊಡುತ್ತೇವೆ, ಮೆಲ್ಲನೆ.